ಕೊನೆಯ ಬೆಂಚಿಗೆ ಕಾಣುತ್ತಿದೆಯೇ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಶಿಕ್ಷಕರವು. ಶಾಲೆಗೆ ಟಿವಿ ಬಂದಿದೆ, ಪ್ರೊಜೆಕ್ಟರ್ ಬಂದಿದೆ, ಮುಂದೇನು ಎಂಬುದೇ ಎಲ್ಲರ ಪ್ರಶ್ನೆ. ಒಂದೇ ತೊಂದರೆ ಬರೆದ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಹಳೆಯ ವಿದ್ಯಾರ್ಥಿಗಳು ಶಾಲೆಗೆ 43 ಇಂಚಿನ ಟಿವಿ ಕೊಡಿಸಿದ್ದಾರೆ. ಮುಂದೆ ಕೂತ ಮಕ್ಕಳು ನೋಡುತ್ತಾರೆ, ಹಿಂದಿನವರದು ಗಲಾಟೆ. ಟಿವಿಯನ್ನು ಇನ್ನೂ ಮೇಲಕ್ಕೆ ಹಾಕಿಸಬೇಕೆ?
— ಸಹಶಿಕ್ಷಕರು, ಹಿರಿಯ ಪ್ರಾಥಮಿಕ ಶಾಲೆ, ಹಾವೇರಿ ಜಿಲ್ಲೆ

ಮೇಲಕ್ಕೆ ಹಾಕಿಸಿದರೆ ಮುಂದಿನವರ ಕುತ್ತಿಗೆಯೂ ನೋಯುತ್ತದೆ, ಅಷ್ಟೇ. ಹಿಂದಿನ ಮಕ್ಕಳು ಗಲಾಟೆ ಮಾಡುವುದು ಅವರಿಗೆ ಅಕ್ಷರ ಕಾಣದಿರುವುದರಿಂದ. ಒಂದು ಸರಳ ಲೆಕ್ಕವಿದೆ: ಪರದೆಯ ಎತ್ತರದ ಆರು ಪಟ್ಟು ದೂರದವರೆಗೆ ಮಾತ್ರ ಬರಹವನ್ನು ಸಲೀಸಾಗಿ ಓದಬಹುದು. 43 ಇಂಚು ಎನ್ನುವುದು ಮೂಲೆಯಿಂದ ಮೂಲೆಗೆ ಹಿಡಿದ ಅಳತೆ. ಅದರ ಎತ್ತರ ಸುಮಾರು 53 ಸೆಂಟಿಮೀಟರ್. ಆರರಿಂದ ಗುಣಿಸಿದರೆ 3.2 ಮೀಟರ್, ಅಂದರೆ ಹತ್ತೂವರೆ ಅಡಿ. 20 ಅಡಿ ಉದ್ದದ ಕೋಣೆಯಲ್ಲಿ ಅರ್ಧದಷ್ಟು ಮಕ್ಕಳಿಗೆ ಬರೀ ಬಣ್ಣ ಕಾಣುತ್ತದೆ. 65 ಇಂಚಿನದಕ್ಕೂ ಈ ಗಡಿ 16 ಅಡಿಯಷ್ಟೇ.

ಹೊಸ ಟಿವಿ ಕೊಳ್ಳುವುದು ಬೇಡ. ಟಿವಿ ಹಾಕಿದಾಗ ಬೆಂಚುಗಳನ್ನು ಪಕ್ಕಕ್ಕೆ ಸರಿಸಿ, ಮಕ್ಕಳನ್ನು ಹತ್ತು ಅಡಿಯೊಳಗೆ ಅರ್ಧಚಂದ್ರಾಕಾರದಲ್ಲಿ ಜಮಖಾನದ ಮೇಲೆ ಕೂರಿಸಿ. ಟಿವಿಯ ಮಧ್ಯಭಾಗ ಕೂತ ಮಗುವಿನ ಕಣ್ಣಿಗಿಂತ ತುಸು ಮೇಲಿರಲಿ. ತೀರಾ ಬದಿಯಲ್ಲಿ ಕೂತವರಿಗೆ ಬಣ್ಣ ಮಂಕಾಗಿ ಕಾಣುತ್ತದೆ. ಕಡಿಮೆ ಬೆಲೆಯ ಪ್ಯಾನೆಲ್‌ಗಳಲ್ಲಿ ಇದು ಹೆಚ್ಚು. ಎದುರು ಕಿಟಕಿಯಿದ್ದರೆ ಗಾಜಿನಲ್ಲಿ ಆಕಾಶವೇ ಕಾಣುವುದರಿಂದ ಕಿಟಕಿಯ ಗೋಡೆಗೆ ಅಡ್ಡಲಾಗಿರುವ ಗೋಡೆಗೆ ಟಿವಿ ಹಾಕಿಸಿ.

ಮಕ್ಕಳನ್ನು ಎಬ್ಬಿಸಲಾಗದಿದ್ದರೆ ಅಕ್ಷರ ದೊಡ್ಡದು ಮಾಡಬೇಕು. ಆರು ಮೀಟರ್ ದೂರಕ್ಕೆ ಅಕ್ಷರದ ಎತ್ತರ ಪರದೆಯ ಮೇಲೆ ಸುಮಾರು 3 ಸೆಂಟಿಮೀಟರ್ ಇರಬೇಕು. ಅಷ್ಟಿದ್ದರೆ ಒಂದು ಸ್ಲೈಡಿನಲ್ಲಿ ಏಳೆಂಟು ಸಾಲು ಹಿಡಿದರೆ ಹೆಚ್ಚು. ಕನ್ನಡಕ್ಕೆ ಇನ್ನೊಂದು ಎಚ್ಚರ ಬೇಕು: ನಮ್ಮ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ. ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಪರೀಕ್ಷಿಸುವುದು ಸುಲಭ. ‘ದ ಧ ಥ’, ‘ಪ ಫ ಷ’, ‘ರಾಷ್ಟ್ರ’, ‘ಉಷ್ಣತೆ’ ಎಂದು ಬರೆದು ತೋರಿಸಿ, ಕೊನೆಯ ಸಾಲಿನ ಮಗುವಿನಿಂದ ಓದಿಸಿ. ‘ಕಾಣ್ತಿದೆಯಾ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಮಕ್ಕಳು ಯಾವಾಗಲೂ ‘ಹೂಂ ಸಾರ್’ ಎನ್ನುತ್ತಾರೆ.

ಹಾಗಾದರೆ ಟಿವಿಗಿಂತ ಪ್ರೊಜೆಕ್ಟರ್ ಮೇಲೇ? ನಮ್ಮಲ್ಲಿ ಒಂದಿದೆ, ಆದರೆ ಚಿತ್ರ ಬಿಳಿಚಿಕೊಂಡಿರುತ್ತದೆ.
— ಮುಖ್ಯ ಶಿಕ್ಷಕರು, ಪ್ರೌಢಶಾಲೆ, ಚಿತ್ರದುರ್ಗ ಜಿಲ್ಲೆ

ಅಳತೆಯ ದೃಷ್ಟಿಯಿಂದ ಪ್ರೊಜೆಕ್ಟರೇ ಮೇಲು. ಎರಡು ಮೀಟರ್ ಅಗಲದ ಚಿತ್ರದ ಎತ್ತರ ಸುಮಾರು 1.25 ಮೀಟರ್, ಅಂದರೆ 25 ಅಡಿಯವರೆಗೆ ಓದಬಹುದು. ಪ್ರೊಜೆಕ್ಟರನ್ನು ಎಷ್ಟು ದೂರದಲ್ಲಿಡಬೇಕೆಂದು ತಿಳಿಯಲು ಅದರ ಕೈಪಿಡಿಯಲ್ಲಿ ‘ಥ್ರೋ ರೇಶಿಯೊ’ ನೋಡಿ. ಅದು 1.5 ಇದ್ದರೆ ಚಿತ್ರದ ಅಗಲದ ಒಂದೂವರೆ ಪಟ್ಟು, ಅಂದರೆ ಮೂರು ಮೀಟರ್ ದೂರ ಬೇಕು.

ಬಿಳಿಚುವುದಕ್ಕೆ ಕಾರಣ ಕೋಣೆಯ ಬೆಳಕು. ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಬಿಡಲು ಬರುವುದಿಲ್ಲ. ಗೋಡೆಯ ಮೇಲೆ ಮೊದಲೇ ಬಿದ್ದಿರುವ ಬೆಳಕೇ ಅದರ ಕಪ್ಪು. ಹಾಗಾಗಿ ಇಡೀ ಕೋಣೆ ಕತ್ತಲು ಮಾಡುವ ಅಗತ್ಯವಿಲ್ಲ. ಚಿತ್ರ ಬೀಳುವ ಗೋಡೆಗೆ ಹತ್ತಿರದ ಒಂದೆರಡು ಕಿಟಕಿ ಮುಚ್ಚಿ, ಆ ಕಡೆಯ ಟ್ಯೂಬ್‌ಲೈಟ್ ಆರಿಸಿದರೆ ಸಾಕು. ಹಿಂದಿನ ಕಿಟಕಿ ತೆರೆದಿರಲಿ, ಮಕ್ಕಳು ಬರೆದುಕೊಳ್ಳಬೇಕಲ್ಲ. ಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣ ಹೊಡೆಸಿ. ಆಯಿಲ್ ಪೇಂಟ್ ಹೊಳೆಯುತ್ತದೆ, ನಡುವೆ ಬೆಳಕಿನ ಚುಕ್ಕೆ ಬರುತ್ತದೆ. ಹೊಸದು ಕೊಳ್ಳುವವರು 3000 ಲ್ಯೂಮೆನ್‌ಗಿಂತ (ಇದು ಬೆಳಕಿನ ಅಳತೆ) ಕಡಿಮೆಯದನ್ನು ತರಬೇಡಿ, ಅದೂ ‘ಆನ್ಸಿ’ ಲ್ಯೂಮೆನ್ ಎಂದು ಬರೆದಿರಬೇಕು. ಆ ಪದವಿಲ್ಲದೆ ಬರೀ ದೊಡ್ಡ ಸಂಖ್ಯೆ ಹಾಕಿದ ಅಗ್ಗದ ಪೆಟ್ಟಿಗೆಗಳು ಹಗಲಿನಲ್ಲಿ ಕೆಲಸಕ್ಕೆ ಬಾರವು.

ಇದ್ದದ್ದೇ ಮಂಕಾಗುತ್ತಾ ಬಂದಿದ್ದರೆ ಮೊದಲು ಗಾಳಿಯ ಫಿಲ್ಟರ್ ತೆಗೆದು ನೋಡಿ. ಸೀಮೆಸುಣ್ಣದ ಪುಡಿ ಅದರಲ್ಲಿ ಕಂಬಳಿಯಂತೆ ಕೂತಿರುತ್ತದೆ. ಗಾಳಿ ಸಿಗದೆ ಬಿಸಿಯಾಗಿ ಕೆಲವು ಯಂತ್ರಗಳು ತಾವಾಗಿಯೇ ಆರುತ್ತವೆ. ತಿಂಗಳಿಗೊಮ್ಮೆ ಮೃದುವಾದ ಬ್ರಷ್‌ನಿಂದ ಝಾಡಿಸಿ, ಕಪ್ಪುಹಲಗೆ ಒರೆಸುವಾಗ ಯಂತ್ರದ ಮೇಲೆ ಬಟ್ಟೆ ಹಾಕಿ. ಲ್ಯಾಂಪ್ ಇರುವ ಹಳೆಯ ಮಾದರಿಯಾದರೆ ಬೆಲ್ ಹೊಡೆದ ತಕ್ಷಣ ಮೇನ್ ಸ್ವಿಚ್ ಆರಿಸಬಾರದು. ಪವರ್ ಬಟನ್ ಒತ್ತಿ, ಫ್ಯಾನ್ ತಾನಾಗಿ ನಿಲ್ಲುವವರೆಗೆ ಒಂದೆರಡು ನಿಮಿಷ ಕಾಯಬೇಕು. ಲ್ಯಾಂಪ್ ಬೇಗ ಹೋಗುವುದಕ್ಕೆ ಇದೂ ಒಂದು ಕಾರಣ.

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಕೆಲವೊಮ್ಮೆ ಏನೂ ಬರುವುದಿಲ್ಲ. ಬಂದರೂ ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲ, ಸುತ್ತುತ್ತಲೇ ಇರುತ್ತದೆ. ದೀಕ್ಷಾ ಬಳಸುವುದಾದರೂ ಹೇಗೆ?
— ಶಿಕ್ಷಕಿ, ಶಿರಸಿ ತಾಲ್ಲೂಕು, ಹಾಗೂ ಇದೇ ಪ್ರಶ್ನೆ ಕೇಳಿದ ಇನ್ನೂ ಮೂವರು

ದೀಕ್ಷಾ ಎಂಬುದು ಶಾಲಾ ಪಾಠಗಳ ಸರ್ಕಾರಿ ಆನ್‌ಲೈನ್ ವೇದಿಕೆ, 2017ರ ಸೆಪ್ಟೆಂಬರ್ 5ರಂದು ಶುರುವಾದದ್ದು. ಪುಸ್ತಕದ ಕ್ಯೂಆರ್ ಕೋಡ್ ಎಂದರೆ ಒಂದು ವಿಳಾಸ ಮಾತ್ರ, ಅದರೊಳಗೆ ಪಾಠ ಇರುವುದಿಲ್ಲ. ಹಾಗಾಗಿ ‘ಏನೂ ಬರುವುದಿಲ್ಲ’ ಎನ್ನುವುದಕ್ಕೆ ಮೂರು ಬೇರೆ ಬೇರೆ ಅರ್ಥಗಳಿವೆ.

ಕ್ಯಾಮೆರಾ ಕೋಡ್ ಹಿಡಿಯದಿರುವುದು ಮೊದಲನೆಯದು. ಪುಟ ಹೊಲಿಗೆಯ ಹತ್ತಿರ ಬಾಗಿದ್ದರೆ, ಝೆರಾಕ್ಸ್ ಪ್ರತಿಯಾಗಿದ್ದರೆ ಹೀಗಾಗುತ್ತದೆ. ಕೋಡಿನ ಕೆಳಗೆ ಅಚ್ಚಾಗಿರುವ ಆರು ಅಕ್ಷರ–ಅಂಕಿಗಳನ್ನು ಆ್ಯಪ್‌ನಲ್ಲಿ ಕೈಯಾರೆ ಟೈಪ್ ಮಾಡಿದರೆ ಅದೇ ಪುಟ ತೆರೆಯುತ್ತದೆ. ಲ್ಯಾಪ್‌ಟಾಪಿನಲ್ಲಿ ದೀಕ್ಷಾ ಜಾಲತಾಣ ತೆರೆದವರಿಗೂ ಇದೇ ದಾರಿ. ಎರಡನೆಯದು, ಆ ಕೋಡಿಗೆ ಇನ್ನೂ ಯಾವ ಸಾಮಗ್ರಿಯನ್ನೂ ಜೋಡಿಸದಿರುವುದು. ಆಗ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ಪ್ರಯೋಜನವಿಲ್ಲ. ಆ್ಯಪ್‌ನಲ್ಲಿ ಕರ್ನಾಟಕ, ಕನ್ನಡ ಮಾಧ್ಯಮ, ತರಗತಿ, ವಿಷಯ ಆಯ್ದು ಪಾಠದ ಹೆಸರಿನಿಂದ ಹುಡುಕಿ. ಮೂರನೆಯದು, ಹಳೆಯ ಆವೃತ್ತಿಯ ಪುಸ್ತಕ. ನಮ್ಮ ರಾಜ್ಯದ ಪಠ್ಯಗಳು ಕೆಲವೇ ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರಿಷ್ಕರಣೆಗೊಂಡಿವೆ. ಹಿಂದಿನ ಸಾಲಿನ ಪುಸ್ತಕದ ಕೋಡ್ ಹಿಂದಿನ ಪಾಠಕ್ಕೇ ಕರೆದೊಯ್ಯಬಹುದು.

ಇನ್ನು ನೆಟ್‌ವರ್ಕ್. ತರಗತಿಯಲ್ಲಿ ನಿಂತು ಸ್ಕ್ಯಾನ್ ಮಾಡುವ ಅಭ್ಯಾಸವನ್ನೇ ಬಿಡಿ. ಭಾನುವಾರ, ನೆಟ್‌ವರ್ಕ್ ಸಿಗುವ ಕಡೆ, ಆ ವಾರದ ಪಾಠಗಳ ಕೋಡ್ ಹೊಡೆದು ಬೇಕಾದ್ದನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಡೌನ್‌ಲೋಡ್ ಆದದ್ದು ಫೋನಿನ ಗ್ಯಾಲರಿಯಲ್ಲಿ ಕಾಣುವುದಿಲ್ಲ, ಆ್ಯಪ್‌ನ ಒಳಗೇ ಇರುತ್ತದೆ. ‘ಡೌನ್‌ಲೋಡ್ ಆಗಿಲ್ಲ’ ಎಂದು ಬರೆದವರಲ್ಲಿ ಕೆಲವರು ಹುಡುಕಿದ್ದು ಗ್ಯಾಲರಿಯಲ್ಲಿ. ಇನ್ನೊಂದು ಬಲೆ ಇದೆ: ದೀಕ್ಷಾದೊಳಗೆ ಕಾಣುವ ಕೆಲವು ವಿಡಿಯೊಗಳು ನಿಜವಾಗಿ ಯೂಟ್ಯೂಬಿನವು. ಅವು ಇಂಟರ್ನೆಟ್ ಇಲ್ಲದೆ ಓಡುವುದಿಲ್ಲ. ಆದ್ದರಿಂದ ಡೌನ್‌ಲೋಡ್ ಮುಗಿದ ಮೇಲೆ ಮನೆಯಲ್ಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಪ್ರತಿಯೊಂದನ್ನೂ ಒಮ್ಮೆ ಓಡಿಸಿ ನೋಡಿ. ಐದು ನಿಮಿಷದ ಈ ಕೆಲಸ ಮಾಡದೆ ನಲವತ್ತು ನಿಮಿಷದ ಪೀರಿಯಡ್ ಕಳೆದುಕೊಂಡವರು ಬಹಳ ಮಂದಿ.

ಮೊಬೈಲನ್ನು ಟಿವಿಗೆ ಜೋಡಿಸಲು ಟೈಪ್–ಸಿ ಎಚ್‌ಡಿಎಂಐ ಕನ್ವರ್ಟರ್ ತಂದೆವು. ಟಿವಿಯಲ್ಲಿ ‘ನೋ ಸಿಗ್ನಲ್’. ಕನ್ವರ್ಟರ್ ಕೆಟ್ಟಿದೆಯೇ?
— ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ರಾಯಚೂರು ಜಿಲ್ಲೆ

ಕೆಟ್ಟಿರಲಿಕ್ಕಿಲ್ಲ. ಟೈಪ್–ಸಿ ಎಂಬುದು ತೂತಿನ ಆಕಾರ ಮಾತ್ರ. ಆ ತೂತಿನಿಂದ ಚಿತ್ರವೂ ಹೊರಬರಬೇಕಾದರೆ ಫೋನಿನಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಎಂಬ ಸೌಲಭ್ಯ ಇರಬೇಕು. ಕಡಿಮೆ ಮತ್ತು ಮಧ್ಯಮ ಬೆಲೆಯ ಫೋನುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಫೋನಿನ ತಾಂತ್ರಿಕ ವಿವರದಲ್ಲಿ ‘ಯುಎಸ್‌ಬಿ 2.0’ ಎಂದಷ್ಟೇ ಇದ್ದರೆ ಯಾವ ಕನ್ವರ್ಟರ್ ತಂದರೂ ಕಾಸು ದಂಡ.

ಟಿವಿಯಲ್ಲಿ ತಂತಿಯಿಲ್ಲದೆ ಫೋನಿನ ಪರದೆ ತೋರಿಸುವ ‘ಮಿರಾಕಾಸ್ಟ್’ ಸೌಲಭ್ಯ ಇದ್ದರೆ ಫೋನಿನಿಂದ ನೇರವಾಗಿ ಬಿತ್ತರಿಸಬಹುದು, ಅದಕ್ಕೆ ಇಂಟರ್ನೆಟ್ ಬೇಡ. ಲ್ಯಾಪ್‌ಟಾಪ್ ಇದ್ದರೆ ಇನ್ನೂ ಗಟ್ಟಿಯಾದ ದಾರಿಯಿದೆ. ‘ಸ್ಕ್ರೀನ್ ಕಾಪಿ’ ಎಂದು ಉಚ್ಚರಿಸುವ, ಆದರೆ ಕೆಲವು ಅಕ್ಷರಗಳನ್ನು ಬಿಟ್ಟು ಎಸ್-ಸಿ-ಆರ್-ಸಿ-ಪಿ-ವೈ ಎಂದು ಬರೆಯುವ ಉಚಿತ ತಂತ್ರಾಂಶವಿದೆ. ಫೋನಿನಲ್ಲಿ ಡೆವಲಪರ್ ಆಯ್ಕೆ ತೆರೆದು ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿದರೆ ಫೋನಿನ ಪರದೆ ಲ್ಯಾಪ್‌ಟಾಪಿನಲ್ಲಿ ಮೂಡುತ್ತದೆ. ಆಂಡ್ರಾಯ್ಡ್ 11 ಅಥವಾ ಹೊಸದಾದರೆ ಧ್ವನಿಯೂ ಬರುತ್ತದೆ. ಕೇಬಲ್ ಮಾತ್ರ ಡೇಟಾ ಕೇಬಲ್ ಆಗಿರಬೇಕು, ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿಯಷ್ಟೇ ಇರುತ್ತದೆ. ಕೆಲಸ ಮುಗಿದ ಮೇಲೆ ಡೀಬಗ್ಗಿಂಗ್ ಆಫ್ ಮಾಡಿ.

ಬಿತ್ತರಿಸುವ ಮುನ್ನ ಫೋನನ್ನು ‘ಡು ನಾಟ್ ಡಿಸ್ಟರ್ಬ್’ಗೆ ಹಾಕುವುದನ್ನು ಮರೆಯಬೇಡಿ. ನಿಮ್ಮ ಮನೆಯ ಗ್ರೂಪಿನ ಮಾತುಕತೆ ಇಡೀ ತರಗತಿಗೆ ಪಾಠವಾದೀತು.

ಪೆನ್‌ಡ್ರೈವ್‌ನಲ್ಲಿ ಹಾಕಿದ ವಿಡಿಯೊ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಟಿವಿಯಲ್ಲಿ ಓಡುವುದಿಲ್ಲ. ಕೆಲವು ಓಡಿದರೂ ಮಾತು ಕೇಳಿಸುವುದಿಲ್ಲ.
— ಶಿಕ್ಷಕರು, ಮಂಡ್ಯ

ಟಿವಿಗೆ ಆ ವಿಡಿಯೊದ ಸಂಕೇತಭಾಷೆ ಗೊತ್ತಿಲ್ಲ ಎಂದರ್ಥ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ವಿಡಿಯೊ ತೆರೆದು ಎಂಪಿ4, ಎಚ್.264, ಧ್ವನಿಗೆ ಎಎಸಿ, ಗಾತ್ರ 720ಪಿ ಎಂದು ಆರಿಸಿ ಪರಿವರ್ತಿಸಿದರೆ ಬಹುತೇಕ ಎಲ್ಲ ಟಿವಿಗಳಲ್ಲೂ ಓಡುತ್ತದೆ. ಪೆನ್‌ಡ್ರೈವ್ ಎಫ್‌ಎಟಿ32 ವಿನ್ಯಾಸದಲ್ಲಿರಲಿ. ಅದರಲ್ಲಿ ಒಂದು ಕಡತ 4 ಜಿಬಿ ದಾಟುವಂತಿಲ್ಲ, ತರಗತಿಯ ತುಣುಕುಗಳಿಗೆ ಅಷ್ಟು ಬೇಕಾಗುವುದೂ ಇಲ್ಲ. ಕನ್ನಡ ಉಪಶೀರ್ಷಿಕೆ ಬೇರೆ ಕಡತವಾಗಿದ್ದರೆ ಹಲವು ಟಿವಿಗಳು ಚೌಕಗಳನ್ನು ತೋರಿಸುತ್ತವೆ. ಹ್ಯಾಂಡ್‌ಬ್ರೇಕ್‌ನಲ್ಲೇ ಅದನ್ನು ಚಿತ್ರದ ಮೇಲೆ ಅಚ್ಚು ಹಾಕಿಸಿಬಿಡಿ.

ವಿಡಿಯೊ ಹಾಕಿದರೆ ಮಕ್ಕಳು ಸದ್ದಿಲ್ಲದೆ ನೋಡುತ್ತಾರೆ, ಖುಷಿಪಡುತ್ತಾರೆ. ಮರುದಿನ ಕೇಳಿದರೆ ಏನೂ ಹೇಳುವುದಿಲ್ಲ. ಎಷ್ಟು ನಿಮಿಷದ ವಿಡಿಯೊ ತೋರಿಸಬೇಕು?
— ವಿಜ್ಞಾನ ಶಿಕ್ಷಕಿ, ತುಮಕೂರು ಜಿಲ್ಲೆ

ಈ ಸಲದ ಪತ್ರಗಳಲ್ಲಿ ನಮಗೆ ಬಹಳ ಹಿಡಿಸಿದ ಪ್ರಶ್ನೆ ಇದು. ಮೇಡಂ, 40 ನಿಮಿಷದ ಪೀರಿಯಡ್‌ನಲ್ಲಿ ವಿಡಿಯೊ ಓಡುವ ಒಟ್ಟು ಸಮಯ ಆರೇಳು ನಿಮಿಷ ದಾಟದಿರಲಿ. ಅದೂ ಒಂದೇ ಉಸಿರಿಗೆ ಬೇಡ, ಒಂದೂವರೆ ಎರಡು ನಿಮಿಷದ ತುಣುಕುಗಳಾಗಿ. ಕೋವಿಡ್ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಬಂದ ‘ಸಂವೇದ’ ಪಾಠಗಳಂಥವು ಶಾಲೆ ಮುಚ್ಚಿದ್ದಾಗ ಮನೆಯಲ್ಲಿ ಕೂತ ಮಗುವಿಗಾಗಿ ಮಾಡಿದವು. ಶಿಕ್ಷಕರು ಎದುರಿಗೇ ಇರುವಾಗ ಅವನ್ನು ಮೊದಲಿನಿಂದ ಕೊನೆಯವರೆಗೆ ಓಡಿಸುವುದರಲ್ಲಿ ಅರ್ಥವಿಲ್ಲ.

ಸದ್ದಿಲ್ಲದೆ ನೋಡುವುದು ಕಲಿಕೆಯ ಗುರುತಲ್ಲ. ನುಣ್ಣಗೆ ಓಡುವ ಚಿತ್ರ ‘ನನಗೆ ಅರ್ಥವಾಯಿತು’ ಎಂಬ ಭಾವ ಕೊಡುತ್ತದೆ, ಆದರೆ ಮಗು ಏನನ್ನೂ ಯೋಚಿಸಿರುವುದಿಲ್ಲ. ಯೋಚನೆ ಹುಟ್ಟಬೇಕಾದರೆ ವಿಡಿಯೊಗಿಂತ ಮೊದಲು ಪ್ರಶ್ನೆ ಬರಬೇಕು.

ಹತ್ತನೇ ತರಗತಿಯ ಹೃದಯದ ಪಾಠವನ್ನೇ ತೆಗೆದುಕೊಳ್ಳಿ. ಟಿವಿ ಆರಿಸಿರಲಿ. ಹೃದಯದ ನಾಲ್ಕು ಕೋಣೆಗಳ ರೇಖಾಚಿತ್ರವನ್ನು ಹಲಗೆಯ ಮೇಲೆ ಬರೆದು ಕೇಳಿ: ‘ಎಡ ಹೃತ್ಕುಕ್ಷಿ, ಬಲ ಹೃತ್ಕುಕ್ಷಿ, ಇವೆರಡರಲ್ಲಿ ಯಾವುದರ ಗೋಡೆ ದಪ್ಪ ಇರಬೇಕು? ಏಕೆ?’ ಪ್ರತಿ ಮಗುವೂ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ, ತಪ್ಪಾದರೂ ಸರಿ. ಈಗ ರಕ್ತ ಶ್ವಾಸಕೋಶಕ್ಕೆ ಹೋಗಿ ಬರುವ ಭಾಗವನ್ನಷ್ಟೇ ಧ್ವನಿ ಆರಿಸಿ ತೋರಿಸಿ. ನಿಲ್ಲಿಸಿ. ಒಬ್ಬ ಹುಡುಗ ಅಥವಾ ಹುಡುಗಿ ಎದ್ದು ಬಂದು ನಿರೂಪಣೆ ಕೊಡಲಿ. ಆಮೇಲೆ ರಕ್ತ ಇಡೀ ದೇಹಕ್ಕೆ ಹೋಗುವ ಭಾಗ. ಮತ್ತೆ ನಿಲ್ಲಿಸಿ, ಬರೆದ ಉತ್ತರ ತಿದ್ದಲು ಹೇಳಿ. ಹತ್ತಿರದ ಶ್ವಾಸಕೋಶಕ್ಕೆ ನೂಕುವುದಕ್ಕೂ ಕಾಲಿನ ಬೆರಳಿನವರೆಗೆ ನೂಕುವುದಕ್ಕೂ ಬೇಕಾದ ಬಲದ ವ್ಯತ್ಯಾಸ ಆಗ ಅವರ ಬಾಯಿಂದಲೇ ಬರುತ್ತದೆ. ಕೊನೆಗೆ ಪೂರ್ತಿ ತುಣುಕನ್ನು ಧ್ವನಿಯೊಡನೆ ಒಮ್ಮೆ.

ವಿಡಿಯೊಗಳು ಕಲಿಸುವ ತಪ್ಪುಗಳ ಬಗ್ಗೆಯೂ ಎಚ್ಚರ ಬೇಕು. ಅಶುದ್ಧ ರಕ್ತವನ್ನು ನೀಲಿ ಬಣ್ಣದಲ್ಲಿ ತೋರಿಸುತ್ತಾರೆ. ರಕ್ತ ನಿಜವಾಗಿ ನೀಲಿಯೇ ಎಂದು ನಂಬಿದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅದು ಕಡುಗೆಂಪು ಎಂದು ಬಾಯಿಬಿಟ್ಟು ಹೇಳಲೇಬೇಕು. ಚಿತ್ರದ ಎಡಭಾಗ ನೋಡುವವರ ಎಡ, ಆದರೆ ದೇಹದ ಬಲ. ಇದನ್ನು ಹೇಳದೆ ಮುಂದೆ ಹೋದರೆ ಪಾಠವೆಲ್ಲ ತಿರುವುಮುರುವು. ಸೌರವ್ಯೂಹದ ಅನಿಮೇಶನ್‌ಗಳಂತೂ ದೂರದ ವಿಷಯದಲ್ಲಿ ಶುದ್ಧ ಸುಳ್ಳು. ಭೂಮಿಯನ್ನು ಒಂದು ಸೆಂಟಿಮೀಟರ್ ಗೋಲಿ ಎಂದುಕೊಂಡರೆ ಚಂದ್ರ 30 ಸೆಂಟಿಮೀಟರ್ ದೂರದಲ್ಲಿರಬೇಕು, ಸೂರ್ಯ 117 ಮೀಟರ್ ಆಚೆ, ಒಂದು ಮೀಟರ್‌ಗಿಂತ ತುಸು ಹೆಚ್ಚಿನ ವ್ಯಾಸದಲ್ಲಿ. ಯಾವ ಪರದೆಗೂ ಇದು ಹಿಡಿಸದು. ವಿಡಿಯೊ ಮುಗಿಸಿ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಅಳೆಸಿ.

ಎಲ್ಲರ ಉತ್ತರ ಒಟ್ಟಿಗೆ ತಿಳಿಯಲು ಯಂತ್ರ ಬೇಡ. ಪ್ರತಿ ಮಗುವೂ ಒಂದು ಎ4 ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಒಂದೊಂದು ಭಾಗದಲ್ಲಿ ಅ, ಆ, ಇ, ಈ ಎಂದು ದೊಡ್ಡದಾಗಿ ಬರೆದಿಟ್ಟುಕೊಳ್ಳಲಿ. ನಾಲ್ಕು ಆಯ್ಕೆಯ ಪ್ರಶ್ನೆ ಹಾಕಿ, ‘ಮೂರು’ ಎಂದಾಗ ಎಲ್ಲರೂ ಒಟ್ಟಿಗೆ ಎದೆಯ ಮುಂದೆ ಹಿಡಿಯಬೇಕು, ಪಕ್ಕದವರದು ನೋಡಿ ಬದಲಿಸಲು ಸಮಯ ಸಿಗಬಾರದು. ಸುಮಾರು ಶೇ 30ರಿಂದ 70ರಷ್ಟು ಮಕ್ಕಳು ಸರಿ ಹೇಳಿದ್ದರೆ ಉತ್ತರ ಬಿಟ್ಟುಕೊಡದೆ ಎರಡು ನಿಮಿಷ ಪಕ್ಕದವರೊಡನೆ ವಾದಿಸಲು ಬಿಟ್ಟು, ಮತ್ತೆ ಕೇಳಿ. ಅದಕ್ಕಿಂತ ಕಡಿಮೆಯಿದ್ದರೆ ಪಾಠ ಮತ್ತೊಮ್ಮೆ ಆಗಬೇಕು. ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಕ್ರಮದ ಹಳ್ಳಿ ಆವೃತ್ತಿ ಇದು ಎನ್ನಬಹುದು.

ನಮ್ಮಲ್ಲಿ ಪ್ರಯೋಗಾಲಯ ಇಲ್ಲ. ಕಂಪ್ಯೂಟರಿನಲ್ಲಿ ವಿದ್ಯುತ್ ಮಂಡಲ ತೋರಿಸಿದರೆ ಸಾಕೇ?
— ಶಿಕ್ಷಕರು, ಪ್ರೌಢಶಾಲೆ, ಕೊಪ್ಪಳ ಜಿಲ್ಲೆ

ಸಾಲದು, ಆದರೆ ಬಹಳ ಉಪಯೋಗವಿದೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಸಿಮ್ಯುಲೇಶನ್‌ಗಳು ಉಚಿತ. ಹಲವು ಕನ್ನಡದಲ್ಲೂ ಇವೆ. ಆಯಾ ಸಿಮ್ಯುಲೇಶನ್‌ನ ಪುಟದಲ್ಲಿ ಅನುವಾದಗಳ ಪಟ್ಟಿ ತೆರೆದು ಕನ್ನಡದ ಎದುರಿನ ಡೌನ್‌ಲೋಡ್ ಗುರುತು ಒತ್ತಿದರೆ ಕೆಲವೇ ಎಂಬಿಯ ಒಂದು ಕಡತ ಸಿಗುತ್ತದೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ತೆರೆದರಾಯಿತು, ಇಂಟರ್ನೆಟ್ ಬೇಡ.

ಏಕಮುಖ ವಿದ್ಯುತ್ ಮಂಡಲದ ಸಿಮ್ಯುಲೇಶನ್‌ನಲ್ಲಿ ಬ್ಯಾಟರಿ 9 ವೋಲ್ಟ್, ರೋಧಕ 10 ಓಮ್ ಎಂದು ಮೊದಲೇ ಇರುತ್ತದೆ. ಒಂದು ರೋಧಕ ಹಾಕಿದರೆ ಅಮ್ಮೀಟರ್ 0.90 ಆಂಪಿಯರ್ ತೋರಿಸುತ್ತದೆ. ಎರಡನ್ನು ಸರಣಿಯಲ್ಲಿ ಹಾಕಿದರೆ 0.45, ಸಮಾಂತರದಲ್ಲಿ ಹಾಕಿದರೆ ಒಟ್ಟು 1.80. ಪ್ರತಿ ಸಲವೂ ಅಳೆಯುವ ಮೊದಲು ಮಕ್ಕಳು ಲೆಕ್ಕ ಹಾಕಿ ಸಂಖ್ಯೆ ಹೇಳಬೇಕು. ತಂತಿಯನ್ನು ಬ್ಯಾಟರಿಯ ಎರಡೂ ತುದಿಗೆ ನೇರ ಜೋಡಿಸಿದರೆ ಪರದೆಯಲ್ಲಿ ಬೆಂಕಿ ಹತ್ತುತ್ತದೆ. ಹ್ರಸ್ವ ಮಂಡಲವನ್ನು ಕೈ ಸುಟ್ಟುಕೊಳ್ಳದೆ ನೋಡಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಆದರೆ ಅಲ್ಲಿ ಎಲ್ಲವೂ ಅಚ್ಚುಕಟ್ಟು. ನಾವೇ ಸೇರಿಸದ ಹೊರತು ಬ್ಯಾಟರಿಗೆ ಆಂತರಿಕ ರೋಧವಿಲ್ಲ, ಸಡಿಲ ಸಂಪರ್ಕವಿಲ್ಲ, ತುಕ್ಕಿಲ್ಲ. ಒಂದೂವರೆ ವೋಲ್ಟಿನ ಎರಡು ಶೆಲ್, ಟಾರ್ಚ್ ಬಲ್ಬು, ಒಂದು ಮೀಟರ್ ತಂತಿ ತಂದು ಮೊದಲು ಕೈಯಲ್ಲಿ ಮಾಡಿಸಿ. ಬಲ್ಬು ಉರಿಯದೆ ತಂತಿಯ ತುದಿ ಕೆರೆದು ಮತ್ತೆ ಜೋಡಿಸಿದ ಮಗುವಿಗೆ ಪೂರ್ಣ ಮಂಡಲ ಎಂದರೇನು ಎಂಬುದು ಕೈಗೇ ಗೊತ್ತಾಗಿರುತ್ತದೆ. ಸಿಮ್ಯುಲೇಶನ್ ಅದರ ನಂತರ ಬರಲಿ, ತಂತಿಯೊಳಗೆ ಕಣ್ಣಿಗೆ ಕಾಣದ್ದನ್ನು ತೋರಿಸಲು.

ಗಣಿತಕ್ಕೆ ಜಿಯೋಜಿಬ್ರಾ (ಆಕೃತಿ ಬರೆದು ಅಳೆಯುವ ತಂತ್ರಾಂಶ) ಕೇಳಿದವರಿಗೆ ಇಲ್ಲೇ ಒಂದು ಮಾತು. ತ್ರಿಭುಜದ ಮೂರು ಕೋನ ಅಳೆದು ಕೂಡಿಸಿದಾಗ ಕೆಲವೊಮ್ಮೆ 179.99 ಅಥವಾ 180.01 ಬರುತ್ತದೆ. ತಂತ್ರಾಂಶ ಕೆಟ್ಟಿಲ್ಲ, ಎರಡು ದಶಮಾಂಶಕ್ಕೆ ದುಂಡಾಗಿಸಿದ ಸಂಖ್ಯೆಗಳನ್ನು ನೀವು ಕೂಡಿಸಿದ್ದೀರಿ. ಅದನ್ನು ಮುಚ್ಚಿಹಾಕಬೇಡಿ. ‘ಹಾಗಾದರೆ ಅಳತೆ ಸಾಕೇ, ಸಾಧನೆ ಏಕೆ ಬೇಕು?’ ಎಂದು ಕೇಳಲು ಇಂಥ ಅವಕಾಶ ಮತ್ತೆ ಸಿಗದು.

ಕಂಪ್ಯೂಟರ್ ಕೋಣೆಯಲ್ಲಿ ಹತ್ತು ಹಳೆಯ ಯಂತ್ರಗಳಿವೆ, ಆರು ಓಡುತ್ತವೆ. ಇಂಟರ್ನೆಟ್ ಇಲ್ಲ. ಗುಜರಿಗೆ ಹಾಕುವುದೇ?
— ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಬೆಳಗಾವಿ ಜಿಲ್ಲೆ

ಬೇಡ. ಆರರಲ್ಲಿ ಗಟ್ಟಿಯಾದ ಒಂದನ್ನು ಸರ್ವರ್, ಅಂದರೆ ಉಳಿದವಕ್ಕೆ ಪಾಠ ಒದಗಿಸುವ ಯಂತ್ರ, ಮಾಡಿ. ಕೊಲಿಬ್ರಿ ಎಂಬ ಉಚಿತ ತಂತ್ರಾಂಶ ಇಂಟರ್ನೆಟ್ ಇಲ್ಲದ ಶಾಲೆಗಳಿಗೆಂದೇ ಮಾಡಿದ್ದು. ನೆಟ್ ಇರುವ ಕಡೆ ಬೇಕಾದ ಪಾಠಗಳನ್ನು ಹಾರ್ಡ್‌ಡಿಸ್ಕಿಗೆ ಇಳಿಸಿಕೊಂಡು ಬಂದು ಸರ್ವರ್‌ಗೆ ತುಂಬಬೇಕು. ಒಂದು ಸಾಧಾರಣ ರೂಟರ್ ಮೂಲಕ ಉಳಿದ ಐದನ್ನು ಜೋಡಿಸಿದರೆ, ಅವುಗಳ ಬ್ರೌಸರ್‌ನಲ್ಲಿ ಸರ್ವರ್‌ನ ಸಂಖ್ಯಾ ವಿಳಾಸ (ಐಪಿ) ಬರೆದು, ಕೋಲನ್ (:) ಹಾಕಿ 8080 ಎಂದು ಸೇರಿಸಿದರೆ ಪಾಠ ತೆರೆಯುತ್ತದೆ. ರೂಟರ್‌ಗೆ ಇಂಟರ್ನೆಟ್ ಸಂಪರ್ಕ ಬೇಡ. ಕಿವಿಕ್ಸ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿಡಬಹುದು. 2 ಜಿಬಿ ರ‍್ಯಾಮ್‌ನ ಯಂತ್ರಗಳಿಗೆ ವಿಂಡೋಸ್ ಬದಲು ಹಗುರವಾದ ಲಿನಕ್ಸ್ ಹಾಕಿಸಿ. ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹರಡುವ, ಫೋಲ್ಡರ್‌ಗಳನ್ನೆಲ್ಲ ಶಾರ್ಟ್‌ಕಟ್ ಮಾಡಿಬಿಡುವ ವೈರಸ್‌ನ ಕಾಟವೂ ತಪ್ಪುತ್ತದೆ. ಒಂದು ಯಂತ್ರಕ್ಕೆ ಮೂವರಿಗಿಂತ ಹೆಚ್ಚು ಬೇಡ, ಐದು ನಿಮಿಷಕ್ಕೊಮ್ಮೆ ಮೌಸ್ ಕೈ ಬದಲಾಗಲಿ. ಇಲ್ಲದಿದ್ದರೆ ವರ್ಷವಿಡೀ ಒಬ್ಬನೇ ಮೌಸ್ ಹಿಡಿದಿರುತ್ತಾನೆ.

ಹಿಂದೆ ‘ನುಡಿ’ ತಂತ್ರಾಂಶದಲ್ಲಿ ಮಾಡಿದ ನೂರಾರು ಪ್ರಶ್ನೆಪತ್ರಿಕೆ, ಸ್ಲೈಡುಗಳಿವೆ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ.
— ಕನ್ನಡ ಶಿಕ್ಷಕರು, ಶಿವಮೊಗ್ಗ

ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಅಕ್ಷರಗಳು ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ ವೇಷ ಅದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ತುರ್ತಿಗೆ ಮೂಲ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಕೊಳ್ಳಿ, ಫಾಂಟ್ ಅದರೊಳಗೇ ಸೇರಿ ಎಲ್ಲಿ ಬೇಕಾದರೂ ಸರಿಯಾಗಿ ಕಾಣುತ್ತದೆ. ಶಾಶ್ವತ ಪರಿಹಾರವೆಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ, ಅಂದರೆ ಯೂನಿಕೋಡ್‌ಗೆ ಪರಿವರ್ತಿಸುವುದು. ಉಚಿತ ಪರಿವರ್ತಕಗಳು ಹಲವಿವೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳು, ಗಣಿತದ ಚಿಹ್ನೆಗಳನ್ನು ಕಣ್ಣಿಟ್ಟು ನೋಡಿ, ತಪ್ಪುಗಳೆಲ್ಲ ಅಲ್ಲೇ ಅಡಗಿರುತ್ತವೆ. ಕಡತದಲ್ಲಿ ಇಂಗ್ಲಿಷ್ ಪದಗಳೂ ಬೆರೆತಿದ್ದರೆ ಪರಿವರ್ತಕ ಅವನ್ನೂ ‘ಕನ್ನಡ’ ಮಾಡಿಬಿಡುತ್ತದೆ, ಅವನ್ನು ಬೇರೆಯಾಗಿಟ್ಟು ಮಾಡಿ.

ನಲಿ–ಕಲಿ ತರಗತಿಗೆ ಡಿಜಿಟಲ್ ಬೇಕೇ?
— ಶಿಕ್ಷಕಿ, ಚಾಮರಾಜನಗರ ಜಿಲ್ಲೆ

ಒಂದರಿಂದ ಮೂರರ ಮಕ್ಕಳು ಕಾರ್ಡು ಹಿಡಿದು ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕೂತು ತಮ್ಮ ಮೆಟ್ಟಿಲಲ್ಲಿ ತಾವು ಏರುವ ಕಡೆ ಎಲ್ಲರಿಗೂ ಒಂದೇ ವಿಡಿಯೊ ಹಾಕಿದರೆ ಆ ಕ್ರಮವೇ ಮುರಿಯುತ್ತದೆ. ಕಥೆಗೆ ಮಾತ್ರ ಪರದೆ ಚೆನ್ನು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ಸಿಗುತ್ತವೆ, ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು. ಕೋಲಿನಿಂದ ಪದ ತೋರಿಸುತ್ತಾ ನೀವೇ ಓದಿ. ಪುಟ ತಿರುಗಿಸುವ ಮೊದಲು ‘ಮುಂದೇನಾಗುತ್ತೆ?’ ಎಂದು ಕೇಳಿ. ದಿನಕ್ಕೊಂದು ಕಥೆ ಸಾಕು.

ಮಂಜೇಶ್ವರದಲ್ಲಿ ಕೇರಳ ಪಠ್ಯಕ್ರಮದ ಕನ್ನಡ ಮಾಧ್ಯಮ ಶಾಲೆ ನಮ್ಮದು. ಕರ್ನಾಟಕದ ವಿಡಿಯೊ ಬಳಸಬಹುದೇ?
— ಶಿಕ್ಷಕಿ, ಕಾಸರಗೋಡು ಜಿಲ್ಲೆ

ಗಣಿತ, ವಿಜ್ಞಾನಕ್ಕೆ ಧಾರಾಳವಾಗಿ. ಅಧ್ಯಾಯದ ಸಂಖ್ಯೆ ನೋಡಬೇಡಿ, ವಿಷಯ ನೋಡಿ. ಪಾರಿಭಾಷಿಕ ಪದ ನಿಮ್ಮ ಪುಸ್ತಕದಲ್ಲಿ ಬೇರೆಯಿದ್ದರೆ ಎರಡನ್ನೂ ಹಲಗೆಯ ಮೇಲೆ ಬರೆದ ನಂತರವೇ ತೋರಿಸಿ. ಸಮಾಜ ವಿಜ್ಞಾನಕ್ಕೆ, ಭಾಷಾಪಾಠಕ್ಕೆ ಹೊಂದದು. ನಿಮ್ಮ ರಾಜ್ಯದ ಕೈಟ್ ಸಂಸ್ಥೆಯ ‘ಸಮಗ್ರ’ ಜಾಲತಾಣದಲ್ಲಿ ಕನ್ನಡ ಮಾಧ್ಯಮದ ಪುಸ್ತಕಗಳೂ ಇವೆ.

ಯೂಟ್ಯೂಬ್ ವಿಡಿಯೊ ತರಗತಿಯಲ್ಲಿ ತೋರಿಸುವುದು ಕಾನೂನುಬಾಹಿರವೇ? ಮಕ್ಕಳ ಚಟುವಟಿಕೆಯ ವಿಡಿಯೊ ಶಾಲೆಯ ಚಾನೆಲ್‌ಗೆ ಹಾಕಬಹುದೇ?
— ಮುಖ್ಯ ಶಿಕ್ಷಕಿ, ಮೈಸೂರು

ತೋರಿಸುವುದಕ್ಕೆ ಅಡ್ಡಿಯಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಶಾಲೆಗೆ ಒಂದಷ್ಟು ರಿಯಾಯಿತಿ ಕೊಟ್ಟಿದೆ: ಪಾಠದ ಸಂದರ್ಭದಲ್ಲಿ ಶಿಕ್ಷಕರೋ ವಿದ್ಯಾರ್ಥಿಗಳೋ ಕೃತಿಯ ಪ್ರತಿ ಮಾಡಿಕೊಳ್ಳುವುದು, ಸಿಬ್ಬಂದಿ, ವಿದ್ಯಾರ್ಥಿ, ಪೋಷಕರಷ್ಟೇ ಇರುವ ಕಡೆ ಚಲನಚಿತ್ರ ತೋರಿಸುವುದು ಉಲ್ಲಂಘನೆಯಾಗದು. ಅದೇ ವಿಡಿಯೊವನ್ನು ನಿಮ್ಮ ಚಾನೆಲ್‌ಗೆ ಮತ್ತೆ ಏರಿಸುವುದು ಈ ರಿಯಾಯಿತಿಯೊಳಗೆ ಬಾರದು. ಬೇರೆ ಆ್ಯಪ್ ಬಳಸಿ ಯೂಟ್ಯೂಬಿನಿಂದ ಇಳಿಸಿಕೊಳ್ಳುವುದು ಆ ಕಂಪನಿಯ ನಿಬಂಧನೆಗೆ ವಿರುದ್ಧ. ಇತರರು ಬಳಸಲು ಮಾಡಿದವರೇ ಮೊದಲೇ ಅನುಮತಿ ಕೊಟ್ಟಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಸಾಮಗ್ರಿ ಆರಿಸಿಕೊಂಡರೆ ಈ ತಲೆನೋವು ಕಡಿಮೆ. ಮಾಡಿದವರ ಹೆಸರು, ಪರವಾನಗಿಯ ಹೆಸರು ಎರಡನ್ನೂ ಸ್ಲೈಡಿನ ಅಡಿಯಲ್ಲಿ ಬರೆಯಿರಿ. ಕೆಲವು ಪರವಾನಗಿಗಳು ಬದಲಾವಣೆಗೆ ಒಪ್ಪುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಮಕ್ಕಳ ವಿಡಿಯೊ ವಿಷಯದಲ್ಲಿ ನಮ್ಮ ಸಲಹೆ ನೇರ: ಸಾರ್ವಜನಿಕ ಚಾನೆಲ್‌ಗೆ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕು ಎನ್ನುತ್ತದೆ ಅದು. ಹಾಕಲೇಬೇಕೆಂದಿದ್ದರೆ ಮುಖದ ಬದಲು ಕೈಗಳನ್ನು, ಮಾಡಿದ ಮಾದರಿಯನ್ನು ಚಿತ್ರೀಕರಿಸಿ. ಬ್ಯಾಡ್ಜ್, ಹಾಜರಿ ಪುಸ್ತಕ, ಗೋಡೆಯ ಮೇಲಿನ ಹೆಸರಿನ ಪಟ್ಟಿ ಚೌಕಟ್ಟಿನೊಳಗೆ ಬಂದಿಲ್ಲವೆಂದು ಏರಿಸುವ ಮುನ್ನ ಇನ್ನೊಬ್ಬರಿಂದ ನೋಡಿಸಿ.